ಮುಖ್ಯ ಶಿಕ್ಷಕರು ಕಲಿಯುವುದು ಯಾವಾಗ?

ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ತರಗತಿಗೆ ಹೋಗುವ ಹೊತ್ತಿಗಾಗಲೇ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರ ತಲೆಯಲ್ಲಿ ಹತ್ತಾರು ಲೆಕ್ಕಗಳು ಓಡುತ್ತಿರುತ್ತವೆ. ಇವತ್ತು ಊಟಕ್ಕೆ ಎಷ್ಟು ಮಕ್ಕಳು, ಎಷ್ಟು ಅಕ್ಕಿ ಅಳೆದು ಕೊಡಬೇಕು, ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಕೇಳುವವರೆಷ್ಟು, ಹಾಲಿನ ಪುಡಿ ಇನ್ನೆಷ್ಟು ದಿನಕ್ಕೆ ಬಂದೀತು. ಆಮೇಲೆ ಮಕ್ಕಳ ವಿವರ ತುಂಬುವ ಸ್ಯಾಟ್ಸ್ ತಂತ್ರಾಂಶ, ಶಾಲೆಯ ಅಂಕಿಅಂಶಗಳ ಯು-ಡೈಸ್ ಮಾಹಿತಿ, ಆಧಾರ್‌ನಲ್ಲಿರುವ ಹೆಸರಿಗೂ ದಾಖಲಾತಿ ಪುಸ್ತಕದ ಹೆಸರಿಗೂ ಒಂದಕ್ಷರ ತಾಳೆಯಾಗದೆ ನಿಂತುಹೋದ ವಿದ್ಯಾರ್ಥಿವೇತನ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿ, ಮಧ್ಯಾಹ್ನದೊಳಗೆ ತುಂಬಿ ಕಳಿಸಿ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಬಂದ ನಮೂನೆ. ಇವುಗಳಲ್ಲಿ ಬಹುಪಾಲು ಮಕ್ಕಳಿಗಾಗಿಯೇ ಇರುವ ಕೆಲಸಗಳು, ಯಾರಾದರೂ ಮಾಡಲೇಬೇಕಾದವು. ಆದರೆ ಈ ಇಡೀ ದಿನಚರಿಯಲ್ಲಿ ಒಂದಕ್ಕೆ ಮಾತ್ರ ಜಾಗವಿಲ್ಲ. ಮುಖ್ಯ ಶಿಕ್ಷಕರು ಏನನ್ನಾದರೂ ಕಲಿಯುವುದಕ್ಕೆ ಎಲ್ಲಿಯೂ ಬಿಡುವಿಲ್ಲ. ನನ್ನ ವಾದ ಇಷ್ಟೇ: ಶಾಲೆಯ ಮುಖ್ಯಸ್ಥರ ಮೊದಲ ಕೆಲಸ ಕಲಿಯುವುದು, ತಮ್ಮ ಸಹಶಿಕ್ಷಕರ ಜೊತೆ ಕೂತು, ತಮ್ಮ ಮಕ್ಕಳು ಹೇಗೆ ಕಲಿಯುತ್ತಿದ್ದಾರೆ, ಎಲ್ಲಿ ತಡವರಿಸುತ್ತಿದ್ದಾರೆ ಎಂಬುದನ್ನು ಕಲಿಯುವುದು. ಉಳಿದದ್ದೆಲ್ಲ ಅದರ ಹಿಂದೆ ಬರಬೇಕು. ನಾವು ಕಟ್ಟಿರುವ ವ್ಯವಸ್ಥೆಯಲ್ಲಿ ಈ ಕ್ರಮ ತಿರುವುಮುರುವಾಗಿದೆ.

‘ಜೀವನಪರ್ಯಂತ ಕಲಿಕೆ’ ಎಂಬ ಮಾತು ಬಳಸಿ ಬಳಸಿ ಸವೆದಿದೆ. 1972ರಲ್ಲಿ ಎಡ್ಗರ್ ಫೋರ್ ನೇತೃತ್ವದ ಆಯೋಗ, 1996ರಲ್ಲಿ ಜಾಕ್ ಡೆಲೋರ್ ನೇತೃತ್ವದ ಆಯೋಗ ಯುನೆಸ್ಕೊಗೆ ಕೊಟ್ಟ ವರದಿಗಳ ತಿರುಳೇ ಇದಾಗಿತ್ತು: ಕಲಿಕೆಯನ್ನು ಬಾಲ್ಯದ ಕೆಲವು ವರ್ಷಗಳಿಗೆ ಕಟ್ಟಿಹಾಕಬಾರದು, ಅದು ಬದುಕಿನುದ್ದಕ್ಕೂ ಹರಿಯಬೇಕು. ನಮ್ಮ ನೀತಿ ದಾಖಲೆಗಳೂ ಈ ಮಾತನ್ನು ಮನಸಾರೆ ಒಪ್ಪಿಕೊಂಡಿವೆ. ಆದರೆ ಒಪ್ಪಿಕೊಂಡ ರೀತಿಯಲ್ಲೇ ಒಂದು ಎಡವಟ್ಟಿದೆ. ಜೀವನಪರ್ಯಂತ ಕಲಿಕೆ ಎಂದರೆ ಮಕ್ಕಳು ಮುಂದೆ, ಶಾಲೆ ಬಿಟ್ಟ ಮೇಲೆ ಮಾಡಬೇಕಾದದ್ದು ಎಂದು ನಾವು ಓದಿಕೊಂಡಿದ್ದೇವೆ. ಶಾಲೆಯೊಳಗೇ ಇರುವ ದೊಡ್ಡವರ ಕಡೆಗೆ ಆ ಮಾತು ತಿರುಗುವುದೇ ಇಲ್ಲ. ಆರು ವರ್ಷದ ಮಗು ದಿನಕ್ಕೆ ಆರೇಳು ಗಂಟೆ ಶಾಲೆಯ ದೊಡ್ಡವರನ್ನು ನೋಡುತ್ತಿರುತ್ತದೆ. ಅವರು ಪುಸ್ತಕ ಓದುವುದನ್ನು, ಗೊತ್ತಿಲ್ಲದ್ದನ್ನು ಒಬ್ಬರನ್ನೊಬ್ಬರು ಕೇಳುವುದನ್ನು, ಮಾಡಿದ್ದು ಸರಿಹೋಗದಿದ್ದಾಗ ಬೇರೆ ರೀತಿಯಲ್ಲಿ ಮಾಡಿ ನೋಡುವುದನ್ನು ಆ ಮಗು ಕಾಣದಿದ್ದರೆ, ಗೋಡೆಯ ಮೇಲೆ ಬರೆಸಿದ ನುಡಿಮುತ್ತುಗಳಿಂದ ಅದಕ್ಕೆ ಆ ಗುಣ ಬರಲಾರದು.

ಇದು ಬರೀ ಆಶಯದ ಮಾತಲ್ಲ ಎನ್ನುವುದಕ್ಕೆ ಪುರಾವೆಗಳಿವೆ. ಕೆನಡಾದ ಕೆನೆತ್ ಲೀಥ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಮಕ್ಕಳ ಕಲಿಕೆಯ ಮೇಲೆ ಪ್ರಭಾವ ಬೀರುವ ಶಾಲೆಯೊಳಗಿನ ಸಂಗತಿಗಳಲ್ಲಿ ತರಗತಿಯ ಬೋಧನೆಯ ನಂತರದ ಸ್ಥಾನ ಶಾಲಾ ನಾಯಕತ್ವದ್ದು ಎಂದರು. ಅಮೆರಿಕದಲ್ಲಿ ಎರಡು ದಶಕಗಳ ಸಂಶೋಧನೆಯನ್ನು ಕ್ರೋಡೀಕರಿಸಿದ 2021ರ ವರದಿಯೊಂದರ ಅಂದಾಜಿನಂತೆ, ಸಾಮರ್ಥ್ಯದಲ್ಲಿ ಕೆಳಸಾಲಿನ ಪ್ರಾಂಶುಪಾಲರ ಜಾಗಕ್ಕೆ ಮೇಲ್ಸಾಲಿನವರು ಬಂದರೆ ಓದು ಮತ್ತು ಗಣಿತದಲ್ಲಿ ಮಕ್ಕಳಿಗೆ ವರ್ಷಕ್ಕೆ ಸುಮಾರು ಮೂರು ತಿಂಗಳ ಹೆಚ್ಚುವರಿ ಕಲಿಕೆ ಸಿಕ್ಕಂತಾಗುತ್ತದೆ. ಆದರೆ ನನಗೆ ಇವೆರಡಕ್ಕಿಂತ ಮುಖ್ಯವೆನಿಸುವುದು ನ್ಯೂಜಿಲೆಂಡ್‌ನ ವಿವಿಯನ್ ರಾಬಿನ್ಸನ್ ಮತ್ತು ಸಹೋದ್ಯೋಗಿಗಳ 2008ರ ವಿಶ್ಲೇಷಣೆ. ಒಳ್ಳೆಯ ಮುಖ್ಯಸ್ಥರು ನಿಜಕ್ಕೂ ಏನು ಮಾಡುತ್ತಾರೆ ಎಂದು ಅವರು ಬಿಡಿಸಿ ನೋಡಿದರು. ಗುರಿಗಳನ್ನು ಗೊತ್ತುಮಾಡುವುದು, ಸಂಪನ್ಮೂಲ ಒದಗಿಸುವುದು, ಬೋಧನೆಯನ್ನು ಯೋಜಿಸಿ ಗಮನಿಸುವುದು, ಶಿಸ್ತಿನ ವಾತಾವರಣ ಕಾಪಾಡುವುದು, ಶಿಕ್ಷಕರ ಕಲಿಕೆಯನ್ನು ಪ್ರೋತ್ಸಾಹಿಸಿ ಅದರಲ್ಲಿ ತಾವೂ ಭಾಗಿಯಾಗುವುದು. ಈ ಐದರಲ್ಲಿ ಮಕ್ಕಳ ಕಲಿಕೆಯ ಜೊತೆ ಅತಿ ಗಾಢವಾದ ನಂಟು ಕಂಡದ್ದು ಕೊನೆಯದಕ್ಕೆ. ಅದರ ಪರಿಣಾಮದ ಅಳತೆ 0.84, ಅದರ ನಂತರದ್ದು 0.42, ಅಂದರೆ ಅರ್ಧ. ಆ ಕೊನೆಯ ಅಂಶದಲ್ಲಿ ‘ಭಾಗಿಯಾಗುವುದು’ ಎಂಬ ಪದವನ್ನು ನಾವು ಒತ್ತಿ ಓದಬೇಕು. ಸಹಶಿಕ್ಷಕರ ತರಬೇತಿ ಆದೇಶಕ್ಕೆ ಸಹಿ ಹಾಕಿ, ಹಾಜರಿ ಪುಸ್ತಕದಲ್ಲಿ ‘ಓಒಡಿ’ (ಅನ್ಯ ಕರ್ತವ್ಯ) ಎಂದು ಬರೆದು ಕಳಿಸಿಕೊಟ್ಟರೆ ಅದು ಭಾಗಿಯಾದಂತಲ್ಲ. ಅವರ ಪಕ್ಕದ ಬೆಂಚಿನಲ್ಲಿ ತಾವೂ ಕೂರಬೇಕು.

ಇವೆಲ್ಲ ಹೊರದೇಶದ ಶಾಲೆಗಳ ಮಾತು, ಅಲ್ಲಿನ ಪ್ರಾಂಶುಪಾಲರಿಗಿರುವ ಅಧಿಕಾರ ನಮ್ಮವರಿಗಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ರಾಬಿನ್ಸನ್ ವಿಶ್ಲೇಷಣೆಯೇ ಕೆಲವೇ ಅಧ್ಯಯನಗಳ ಮೇಲೆ ನಿಂತದ್ದು, ಆ ಸಂಖ್ಯೆಗಳನ್ನು ಇಲ್ಲಿಗೆ ನೇರವಾಗಿ ಎತ್ತಿ ತರಲಾಗದು. ಹಾಗಾಗಿ ನಮ್ಮಲ್ಲೇ ನಡೆದ ಒಂದು ದೊಡ್ಡ ಪ್ರಯೋಗದ ಕಡೆ ನೋಡೋಣ. ಮಧ್ಯಪ್ರದೇಶದಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ 1,774 ಶಾಲೆಗಳಲ್ಲಿ ಆಡಳಿತ ಸುಧಾರಣೆಯ ಕಾರ್ಯಕ್ರಮ ಜಾರಿಗೆ ಬಂತು. ಪ್ರತಿ ಶಾಲೆಯ ವಿವರವಾದ ಮೌಲ್ಯಮಾಪನ, ಶ್ರೇಣಿ, ಆಯಾ ಶಾಲೆಗೇ ತಕ್ಕಂತೆ ಬರೆದ ಸುಧಾರಣಾ ಯೋಜನೆ ಎಲ್ಲವೂ ಅದರಲ್ಲಿದ್ದವು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜೀತ್ ಸಿಂಗ್ ಇದನ್ನು ಅಳೆದು 2020ರಲ್ಲಿ ಪ್ರಕಟಿಸಿದ ಫಲಿತಾಂಶ ಮನಸ್ಸು ಕಲಕುವಂಥದ್ದು. ಮೌಲ್ಯಮಾಪನ ಹೆಚ್ಚುಕಡಿಮೆ ಎಲ್ಲ ಶಾಲೆಗಳಲ್ಲೂ ಮುಗಿದಿತ್ತು. ಕೊಟ್ಟ ಶ್ರೇಣಿಗಳೂ ವಾಸ್ತವಕ್ಕೆ ಹತ್ತಿರವಾಗಿದ್ದವು. ಆದರೆ ಶಾಲೆ ನಡೆಯುವ ರೀತಿಯಲ್ಲಾಗಲಿ ಮಕ್ಕಳ ಕಲಿಕೆಯಲ್ಲಾಗಲಿ ಏನೂ ಬದಲಾಗಿರಲಿಲ್ಲ. ಆದರೂ ಕಾರ್ಯಕ್ರಮ ಯಶಸ್ವಿ ಎಂಬ ಭಾವನೆ ಬೆಳೆದು, ಅದು ದೇಶದ ಆರು ಲಕ್ಷಕ್ಕೂ ಹೆಚ್ಚು ಶಾಲೆಗಳಿಗೆ ವಿಸ್ತರಿಸಿತು. ಕಾಗದಪತ್ರಗಳೆಲ್ಲ ಅಚ್ಚುಕಟ್ಟಾಗಿದ್ದುದೇ ಯಶಸ್ಸಿನ ಗುರುತಾಗಿಬಿಟ್ಟಿತ್ತು.

ಆ ಅಧ್ಯಯನವನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಕಾರ್ಯಕ್ರಮದಲ್ಲಿ ಹೊಣೆಗಾರಿಕೆಯೂ ಇರಲಿಲ್ಲ, ಪ್ರೋತ್ಸಾಹಧನವೂ ಇರಲಿಲ್ಲ, ಅದಕ್ಕೇ ಸೋತಿತು ಎಂದು ಹೇಳುವವರಿದ್ದಾರೆ. ಅವರ ಮಾತಿಗೆ ಆಧಾರವಿದೆ. ಆಂಧ್ರಪ್ರದೇಶದಲ್ಲಿ ಮಕ್ಕಳ ಕಲಿಕೆಗೆ ತಕ್ಕಂತೆ ಶಿಕ್ಷಕರಿಗೆ ಬೋನಸ್ ಕೊಟ್ಟ ಪ್ರಯೋಗದಲ್ಲಿ ಅಂಕಗಳು ಏರಿದ್ದು ನಿಜ. ಹೊಣೆಗಾರಿಕೆ ಬೇಡವೆಂದು ನಾನೂ ಹೇಳುವುದಿಲ್ಲ. ಆದರೆ ಹೊಣೆಗಾರಿಕೆಯೊಂದೇ ಸಾಕೆಂಬ ನಂಬಿಕೆಯ ಹಿಂದೆ ಶಿಕ್ಷಕರ ಬಗ್ಗೆ ಒಂದು ಚಿತ್ರವಿದೆ: ಕೆಲಸ ಗೊತ್ತಿದೆ, ಮಾಡಲು ಮನಸ್ಸಿಲ್ಲ ಎಂಬ ಚಿತ್ರ. 2003ರಲ್ಲಿ ಮುನ್ಸೂಚನೆಯಿಲ್ಲದೆ ಶಾಲೆಗಳಿಗೆ ಭೇಟಿಕೊಟ್ಟ ಸಂಶೋಧಕರು ನಾಲ್ವರಲ್ಲಿ ಒಬ್ಬ ಶಿಕ್ಷಕರು ಶಾಲೆಯಲ್ಲಿಲ್ಲ ಎಂದು ವರದಿ ಮಾಡಿದ ಮೇಲೆ ಈ ಚಿತ್ರ ಗಟ್ಟಿಯಾಯಿತು. ಅಜೀಂ ಪ್ರೇಮ್‌ಜಿ ಫೌಂಡೇಷನ್ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳಲ್ಲಿ ಗೈರಿನ ಕಾರಣಗಳನ್ನೂ ಕೇಳಿತು. ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ, ಉಳಿದವರು ರಜೆಯಲ್ಲಿದ್ದರು, ಇಲ್ಲವೇ ತರಬೇತಿ ಮತ್ತು ಇಲಾಖೆಯ ಕೆಲಸಗಳ ಮೇಲೆ ಹೊರಗಿದ್ದರು. ಕೆಲಸ ಕದಿಯುವವರನ್ನು ಹಿಡಿಯಲು ಬೇಕಾದ ವ್ಯವಸ್ಥೆ ಬೇರೆ, ಭಿನ್ನರಾಶಿಯನ್ನು ನಾಲ್ಕನೇ ತರಗತಿಗೆ ಹೇಗೆ ಮುಟ್ಟಿಸಬೇಕೆಂದು ತಿಳಿಯದೆ ಚಡಪಡಿಸುವ ಶಿಕ್ಷಕಿಗೆ ಬೇಕಾದ ವ್ಯವಸ್ಥೆ ಬೇರೆ. ಎರಡನೆಯವರ ಸಂಖ್ಯೆ ಬಹಳ ದೊಡ್ಡದು. ಅವರಿಗೆ ಬೋನಸ್ಸಿನ ಆಸೆಯಾಗಲಿ ನೋಟಿಸಿನ ಭಯವಾಗಲಿ ಭಿನ್ನರಾಶಿ ಕಲಿಸುವ ಬಗೆಯನ್ನು ಹೇಳಿಕೊಡಲಾರದು.

ಕಲಿಯುವ ಶಿಕ್ಷಕರು ಏನು ಮಾಡಬಲ್ಲರು ಎಂಬುದಕ್ಕೆ ನಮ್ಮ ಹೆಗ್ಗಡದೇವನಕೋಟೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು, ಯುನಿಸೆಫ್ ನೆರವಿನಿಂದ, ಆಂಧ್ರದ ಋಷಿವ್ಯಾಲಿಯ ಸುತ್ತಲಿನ ಹಳ್ಳಿಶಾಲೆಗಳಿಗೆ ಹೋದರು. ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡರು. ಹಿಂದಿರುಗಿ ಬಂದು ಅದನ್ನೇ ನಕಲು ಮಾಡಲಿಲ್ಲ. ತಮ್ಮ ಊರಿನ ಮಕ್ಕಳ ಮಾತು, ಹಾಡು, ಆಟಗಳನ್ನು ಹಾಕಿ ಕನ್ನಡದಲ್ಲಿ ತಾವೇ ಕಾರ್ಡು ಬರೆದರು, ಕಲಿಕಾ ಏಣಿ ಕಟ್ಟಿದರು, ತರಗತಿಯಲ್ಲಿ ಇಟ್ಟು ನೋಡಿದರು, ಸರಿಹೋಗದ್ದನ್ನು ತಿದ್ದಿದರು. ನಲಿ-ಕಲಿ ಹುಟ್ಟಿದ್ದು ಹೀಗೆ. 2009-10ರಲ್ಲಿ ಅದು ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂದಾಗ ಕಾರ್ಡುಗಳು ಅಚ್ಚಾಗಿ ಬಂದವು, ಏಣಿ ಸಿದ್ಧವಾಗಿ ಬಂತು, ಕೆಲವು ದಿನಗಳ ತರಬೇತಿಯೂ ಬಂತು. ಕೋಟೆಯ ಶಿಕ್ಷಕರು ಪಟ್ಟ ಆ ಹುಡುಕಾಟ ಮಾತ್ರ ಪೆಟ್ಟಿಗೆಯಲ್ಲಿ ತುಂಬಿ ಕಳಿಸುವಂಥದ್ದಾಗಿರಲಿಲ್ಲ. ಎಷ್ಟೋ ಕಡೆ ನಲಿ-ಕಲಿ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಆದರೆ ಕಾರ್ಡು ಹಂಚುವುದೇ ನಲಿ-ಕಲಿ ಎಂದಾದ ಕೋಣೆಗಳೂ ಇವೆ. ಎರಡರ ನಡುವಿನ ವ್ಯತ್ಯಾಸ ಸಾಮಗ್ರಿಯಲ್ಲಿಲ್ಲ, ಏಕೆಂದರೆ ಸಾಮಗ್ರಿ ಒಂದೇ. ಈ ಕಾರ್ಡು ಈ ಮಗುವಿಗೆ ಏಕೆ ಒಗ್ಗುತ್ತಿಲ್ಲ ಎಂದು ಕೇಳುವ ಅಭ್ಯಾಸ ಆ ಶಾಲೆಯಲ್ಲಿ ಉಳಿದಿದೆಯೇ ಎಂಬುದರಲ್ಲಿದೆ. ಆ ಅಭ್ಯಾಸವನ್ನು ಬದುಕಿಸಿ ಇಡಬೇಕಾದವರು ಯಾರು? ನನ್ನ ಪ್ರಕಾರ ಮುಖ್ಯ ಶಿಕ್ಷಕರು. ನಲಿ-ಕಲಿಯ ನಂತರವೂ ಕಲಿಕಾ ಚೇತರಿಕೆ, ಮರುಸಿಂಚನ, ಗಣಿತ ಗಣಕ ಎಂದು ಕಾರ್ಯಕ್ರಮಗಳು ಸಾಲಾಗಿ ಬಂದಿವೆ. ಅವುಗಳ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಅವನ್ನು ತನ್ನದಾಗಿಸಿಕೊಳ್ಳುವ ನೆಲ ಶಾಲೆಯೊಳಗೆ ಹದವಾಗಿರದಿದ್ದರೆ ಪ್ರತಿಯೊಂದೂ ಇನ್ನೊಂದು ನಮೂನೆಯಾಗಿ ಕೊನೆಗೊಳ್ಳುತ್ತದೆ.

ಇಂಥ ಹೊಣೆ ಹೊರಬೇಕಾದವರನ್ನು ನಾವು ಹೇಗೆ ಆರಿಸುತ್ತೇವೆ, ಹೇಗೆ ಸಿದ್ಧಗೊಳಿಸುತ್ತೇವೆ? ಸೇವಾ ಜ್ಯೇಷ್ಠತೆಯ ಮೇಲೆ ಬಡ್ತಿ ಬರುತ್ತದೆ, ಅದೂ ಬಹಳ ಮಂದಿಗೆ ನಿವೃತ್ತಿ ಹತ್ತಿರವಾದಾಗ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತ್ಯೇಕ ಮುಖ್ಯ ಶಿಕ್ಷಕರನ್ನು ಕಡ್ಡಾಯ ಮಾಡುವುದು ಒಂದರಿಂದ ಐದನೇ ತರಗತಿಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಆರರಿಂದ ಎಂಟರಲ್ಲಿ ನೂರಕ್ಕಿಂತ ಹೆಚ್ಚಿದ್ದರೆ. ನಮ್ಮ ಹಳ್ಳಿಗಳ ಸಾವಿರಾರು ಶಾಲೆಗಳು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ಇರುವವರಲ್ಲಿ ಹಿರಿಯರೊಬ್ಬರು ‘ಪ್ರಭಾರ’ ಎಂದು ಬೀಗದ ಕೈ, ಬ್ಯಾಂಕ್ ಪಾಸ್‌ಬುಕ್, ಮೊಹರುಗಳನ್ನು ವಹಿಸಿಕೊಳ್ಳುತ್ತಾರೆ. ತಮ್ಮ ತರಗತಿಯನ್ನೂ ಬಿಡುವಂತಿಲ್ಲ. ಇನ್ನು ಸಿದ್ಧತೆಯ ಮಾತು. ಪ್ರತಿ ಶಿಕ್ಷಕರಿಗೂ ಐದು ವರ್ಷಕ್ಕೊಮ್ಮೆ ಎರಡು-ಮೂರು ತಿಂಗಳ ಸೇವಾನಿರತ ಶಿಕ್ಷಣ ಸಿಗಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಸರ್ವ ಶಿಕ್ಷಾ ಅಭಿಯಾನ ಬಂದಾಗ ಅದು ವರ್ಷಕ್ಕೆ 20 ದಿನವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಅದು ವರ್ಷಕ್ಕೆ 50 ಗಂಟೆ. ಸಿಂಗಪುರದಲ್ಲಿ ಶಿಕ್ಷಕರಿಗೆ ವರ್ಷಕ್ಕೆ ನೂರು ಗಂಟೆಯ ಕಲಿಕೆಯ ಅವಕಾಶವಿದೆ, ಮುಖ್ಯಸ್ಥರಾಗಲಿರುವವರು ಹಲವು ತಿಂಗಳು ಪೂರ್ಣಾವಧಿ ಓದಿಯೇ ಆ ಕುರ್ಚಿಗೆ ಬರುತ್ತಾರೆ. ಗಂಟೆಗಳ ಲೆಕ್ಕವನ್ನು ನಾನು ಹೆಚ್ಚು ಎಳೆಯುವುದಿಲ್ಲ. ಸಂಪನ್ಮೂಲ ವ್ಯಕ್ತಿಯಿಂದ ಸಂಪನ್ಮೂಲ ವ್ಯಕ್ತಿಗೆ ದಾಟಿ ತೆಳುವಾಗುತ್ತ ಬಂದ ತರಬೇತಿಯನ್ನು ದುಪ್ಪಟ್ಟು ಮಾಡಿದರೂ ಅದು ತೆಳುವೇ.

ಇಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ: ಸಮಯ ಎಲ್ಲಿದೆ? ಊಟ ಬೇಯಬೇಕು, ಲೆಕ್ಕ ಸರಿಯಿರಬೇಕು. ಬಿಸಿಯೂಟವನ್ನು ಹೊರೆ ಎಂದು ಕರೆಯುವವರ ಜೊತೆ ನಾನು ನಿಲ್ಲಲಾರೆ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದು, ಮರುವರ್ಷ ಅಕ್ಷರ ದಾಸೋಹ ಆರಂಭವಾದ ಮೇಲೆ ಎಷ್ಟು ಮಕ್ಕಳು ಹಸಿವಿಲ್ಲದೆ ಮಧ್ಯಾಹ್ನದ ಪಾಠಕ್ಕೆ ಕೂತಿದ್ದಾರೆ ಎಂಬುದನ್ನು ಮರೆಯಬಾರದು. ಆದರೆ ಅನ್ನ ಕೊಡುವುದು ಶಾಲೆಯ ಧರ್ಮ ಎಂದಮಾತ್ರಕ್ಕೆ ಅಕ್ಕಿಯ ದಾಸ್ತಾನು ವಹಿ ಬರೆಯುವುದು, ಮೊಟ್ಟೆಯ ದರ ಏರಿದಾಗ ಅಂಗಡಿಯಲ್ಲಿ ಚೌಕಾಸಿ ಮಾಡುವುದು ಮುಖ್ಯ ಶಿಕ್ಷಕರದ್ದೇ ಕೆಲಸ ಎಂದಾಗುವುದಿಲ್ಲ. ಸರ್ಕಾರಿ ಪ್ರೌಢಶಾಲೆಗಳಿಗೆ ಗುಮಾಸ್ತರ ಹುದ್ದೆಯಿದೆ, ಪ್ರಾಥಮಿಕ ಶಾಲೆಗಳಿಗಿಲ್ಲ. ಅಕ್ಕಪಕ್ಕದ ಶಾಲೆಗಳ ಗುಂಪಾದ ಒಂದು ಕ್ಲಸ್ಟರ್‌ಗೆ ಒಬ್ಬ ಗುಮಾಸ್ತರನ್ನು ಕೊಟ್ಟು, ಅಲ್ಲಿನ ಎಲ್ಲ ಶಾಲೆಗಳ ಲೆಕ್ಕ ಮತ್ತು ತಂತ್ರಾಂಶದ ಕೆಲಸವನ್ನು ಅವರಿಗೆ ವಹಿಸಿದರೆ ಖರ್ಚು ಬರುತ್ತದೆ, ನಿಜ. ಈಗಲೂ ಖರ್ಚು ಇದ್ದೇ ಇದೆ. ಹಿರಿಯ ಶಿಕ್ಷಕರೊಬ್ಬರ ಸಂಬಳದ ದೊಡ್ಡ ಪಾಲು ಗುಮಾಸ್ತಿಕೆಗೆ ಹೋಗುತ್ತಿದೆ. ಇಷ್ಟು ಸಾಲದೆಂಬಂತೆ ಸಮೀಕ್ಷೆಗಳು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್. ಆದರೂ 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಅದನ್ನು ಮುಗಿಸಲೆಂದು ದಸರಾ ರಜೆಯನ್ನೂ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಆ ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಅಗತ್ಯ ಕೆಲಸಕ್ಕೆಲ್ಲ ಶಾಲೆಯ ದಿನಗಳನ್ನೇ ಮೊದಲು ಕತ್ತರಿಸಿಕೊಡುವ ನಮ್ಮ ರೂಢಿಯನ್ನು ಪ್ರಶ್ನಿಸುತ್ತಿದ್ದೇನೆ.

ಇನ್ನೊಂದು ಆಕ್ಷೇಪ ಸಣ್ಣ ಶಾಲೆಗಳದ್ದು. 2024-25ರ ಯು-ಡೈಸ್ ಪ್ಲಸ್ ವರದಿಯ ಪ್ರಕಾರ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿವೆ, ಕರ್ನಾಟಕದಲ್ಲಿ ಏಳು ಸಾವಿರಕ್ಕೂ ಹೆಚ್ಚು. ಒಬ್ಬರೇ ಇರುವಲ್ಲಿ ಯಾರಿಗೆ ಯಾರು ನಾಯಕರು? ಅಲ್ಲಿ ಎರಡನೇ ಶಿಕ್ಷಕರ ನೇಮಕವೇ ಮೊದಲ ಬೇಡಿಕೆಯಾಗಬೇಕು, ಅದಕ್ಕೆ ಬದಲಿ ಮದ್ದಿಲ್ಲ. ಆದರೆ ನಮ್ಮಲ್ಲಿ ಆಗಲೇ ಇರುವ ಒಂದು ಏರ್ಪಾಡನ್ನು ನಾವು ಪೋಲು ಮಾಡುತ್ತಿದ್ದೇವೆ: ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಹತ್ತಾರು ಶಾಲೆಗಳ ಶಿಕ್ಷಕರು ಒಂದೆಡೆ ಸೇರುವ ಆ ದಿನ, ಹೆಸರೇ ಹೇಳುವಂತೆ, ಕೂಡಿ ಯೋಚಿಸುವುದಕ್ಕೆ ಇದ್ದದ್ದು. ಎಷ್ಟೋ ಕಡೆ ಅದು ಸುತ್ತೋಲೆ ಓದಿ ಮಾಹಿತಿ ಸಂಗ್ರಹಿಸುವ ದಿನವಾಗಿದೆ. ಜಪಾನಿನ ಶಾಲೆಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದುಬಂದ ಪದ್ಧತಿಯೊಂದಿದೆ. ಶಿಕ್ಷಕರು ಕೂಡಿ ಒಂದೇ ಒಂದು ಪಾಠವನ್ನು ತಯಾರಿಸುತ್ತಾರೆ. ಒಬ್ಬರು ಮಕ್ಕಳ ಮುಂದೆ ಅದನ್ನು ಮಾಡುತ್ತಾರೆ. ಉಳಿದವರು ಗೋಡೆಗೆ ಆತು ನಿಂತು ಮಕ್ಕಳನ್ನು ಗಮನಿಸುತ್ತಾರೆ. ಸಂಜೆ ಕೂತು, ಯಾವ ಪ್ರಶ್ನೆಗೆ ಮಕ್ಕಳ ಕಣ್ಣು ಅರಳಿತು, ಎಲ್ಲಿ ಮೌನವಾದರು ಎಂದು ಮಾತಾಡುತ್ತಾರೆ. ಇದಕ್ಕೆ ದುಬಾರಿ ಸಲಕರಣೆ ಬೇಡ. ಇಂಥದ್ದು ನಮ್ಮಲ್ಲಿ ಆಗುವುದಿಲ್ಲ ಎನ್ನುವವರು ಯಾದಗಿರಿ ಜಿಲ್ಲೆಯ ಸುರಪುರದ ಕಡೆ ನೋಡಬಹುದು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಅಲ್ಲಿ ತೆರೆದ ಶಿಕ್ಷಕರ ಕಲಿಕಾ ಕೇಂದ್ರಗಳಿಗೆ ಶಾಲೆ ಬಿಟ್ಟ ಮೇಲೆ, ರಜೆಯ ದಿನಗಳಲ್ಲಿ, ಸರ್ಕಾರಿ ಶಿಕ್ಷಕರು ಸ್ವ ಇಚ್ಛೆಯಿಂದ ಬಂದು ಕೂತರು. ಯಾವ ಆದೇಶವೂ ಇಲ್ಲದೆ ಬಂದರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಹಸಿವಿದೆ, ಬಡಿಸುವ ಜಾಗವಿಲ್ಲ.

ಕಲಿಯುವವರಂತೆ ಕಂಡರೆ ಮುಖ್ಯ ಶಿಕ್ಷಕರ ಗೌರವ ಕುಗ್ಗುತ್ತದೆ ಎಂಬ ಅಳುಕೂ ನಮ್ಮಲ್ಲಿದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ‘ಇದು ನನಗೆ ಗೊತ್ತಿಲ್ಲ, ನಿಮ್ಮ ತರಗತಿಗೆ ಬಂದು ಕೂರಲೇ?’ ಎಂದು ಐವತ್ತೈದರ ಹೆಡ್‌ಮಾಸ್ತರು ಮೂವತ್ತರ ಸಹಶಿಕ್ಷಕಿಯನ್ನು ಕೇಳುವುದು ನಮ್ಮ ಕಚೇರಿ ಸಂಸ್ಕೃತಿಗೆ ಒಗ್ಗದ ಮಾತು. ತರಗತಿಯ ಹಿಂದೆ ಯಾರಾದರೂ ಬಂದು ಕೂತರೆ ಅದು ತಪಾಸಣೆಯೆಂದೇ ಶಿಕ್ಷಕರೂ ಬೆದರುತ್ತಾರೆ. ಅವರ ಅನುಭವ ಅವರಿಗೆ ಹಾಗೆ ಕಲಿಸಿದೆ. ಆದರೆ ಕನ್ನಡದ ಓದುಗರಿಗೂ ಪ್ರಿಯವಾದ ‘ತೊತ್ತೋ-ಚಾನ್’ ಪುಸ್ತಕದ ಮುಖ್ಯೋಪಾಧ್ಯಾಯ ಕೊಬಾಯಾಶಿ ಅವರನ್ನು ನೆನೆಯಿರಿ. ಶಾಲೆಗೆ ಹೊಸದಾಗಿ ಬಂದ ಪುಟ್ಟ ಹುಡುಗಿಯ ಮಾತನ್ನು ಅವರು ಗಂಟೆಗಟ್ಟಲೆ ಕೇಳಿಸಿಕೊಂಡ ಪ್ರಸಂಗ ಎಲ್ಲರಿಗೂ ಗೊತ್ತು. ಅಷ್ಟಾಗಿ ನೆನಪಿನಲ್ಲಿ ಉಳಿಯದ ಸಂಗತಿಯೆಂದರೆ, ಅವರು ದೊಡ್ಡವರಾದ ಮೇಲೆ, ಶಿಕ್ಷಕರಾದ ಮೇಲೆ ಯುರೋಪಿಗೆ ಹೋಗಿ, ಸಂಗೀತವನ್ನು ಮೈಯ ಚಲನೆಯ ಮೂಲಕ ಕಲಿಸುವ ಡಾಲ್‌ಕ್ರೋಜ್ ಪದ್ಧತಿಯನ್ನು ಕಲಿತುಬಂದವರು. 1937ರಲ್ಲಿ ಟೋಕಿಯೊದಲ್ಲಿ ಅವರು ತೆರೆದ ತೊಮೊಯೆ ಶಾಲೆಯ ಬುನಾದಿಯಲ್ಲಿ ಆ ಕಲಿಕೆ ಇತ್ತು. ಮಗುವಿಗೆ ಕಿವಿಗೊಡುವ ತಾಳ್ಮೆ ಮತ್ತು ದೊಡ್ಡವರಾದ ಮೇಲೂ ವಿದ್ಯಾರ್ಥಿಯಾಗುವ ವಿನಯ ಬೇರೆ ಬೇರೆ ಗುಣಗಳಲ್ಲ ಎಂದು ನನಗನಿಸುತ್ತದೆ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಮುಖ್ಯಸ್ಥರ ಶಾಲೆಯಲ್ಲಿ ಮಗುವೂ ಗೊತ್ತಿಲ್ಲವೆಂದು ಹೇಳಲು ಹೆದರುವುದಿಲ್ಲ. ಹೆದರದ ಮಗು ಪ್ರಶ್ನೆ ಕೇಳುತ್ತದೆ.

ಹಾಗಾದರೆ ನಾನು ಬಯಸುವ ಮುಖ್ಯ ಶಿಕ್ಷಕರ ದಿನ ಹೇಗಿರುತ್ತದೆ? ಅವರು ದಿನಕ್ಕೆ ಒಂದು ಅವಧಿಯಾದರೂ ಪಾಠ ಮಾಡುತ್ತಾರೆ, ಆಗಾಗ ಸಹಶಿಕ್ಷಕರನ್ನು ಕರೆದು ಹಿಂದೆ ಕೂರಿಸಿಕೊಂಡು. ಇನ್ನೊಂದು ಅವಧಿ ತಾವೇ ಬೇರೆಯವರ ತರಗತಿಯ ಹಿಂದಿನ ಸಾಲಿನಲ್ಲಿ, ಕೈಯಲ್ಲಿ ತಪಾಸಣಾ ನಮೂನೆಯಿಲ್ಲದೆ. ವಾರಕ್ಕೊಂದು ಸಂಜೆ ಇಡೀ ಶಾಲೆಯ ಶಿಕ್ಷಕರು ಒಂದೇ ತರಗತಿಯ ಮಕ್ಕಳ ನೋಟುಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಳ್ಳುತ್ತಾರೆ: ಈ ಹುಡುಗ 305 ಎಂದು ಬರೆಯುವಲ್ಲಿ 3005 ಎಂದು ಏಕೆ ಬರೆದ? ಅವನು ಮುನ್ನೂರು ಎಂಬುದನ್ನು ಪೂರ್ತಿಯಾಗಿ ಬರೆದು, ಮುಂದೆ ಐದನ್ನು ಸೇರಿಸಿದ್ದಾನೆ. ಅವನಿಗೆ ಅವನದೇ ಒಂದು ತರ್ಕವಿದೆ. ಆ ತರ್ಕವನ್ನು ಕಂಡುಹಿಡಿದವರಿಗೆ ಸ್ಥಾನಬೆಲೆಯನ್ನು ಹೇಗೆ ಕಲಿಸಬೇಕೆಂಬ ದಾರಿ ಅಲ್ಲೇ ತೆರೆದುಕೊಳ್ಳುತ್ತದೆ. ಕೆಂಪು ಶಾಯಿಯ ತಪ್ಪು ಗುರುತು ಹಾಕಿ ಪುಸ್ತಕ ಮುಚ್ಚಿದವರಿಗೆ ಅದು ಕಾಣುವುದಿಲ್ಲ. ಬಡ್ತಿಗೆ ಜ್ಯೇಷ್ಠತೆ ಇರಲಿ, ಆದರೆ ಅದರ ಜೊತೆಗೆ ಒಂದು ವರ್ಷದ ಸಿದ್ಧತೆ ಕಡ್ಡಾಯವಾಗಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಉಪನ್ಯಾಸಕರೂ ಅನುಭವಿ ಮುಖ್ಯ ಶಿಕ್ಷಕರೂ ಕೂಡಿ ಅದನ್ನು ನಡೆಸಲಿ, ಅದರಲ್ಲಿ ಹೆಚ್ಚಿನ ಭಾಗ ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಸರ್ಕಾರಿ ಶಾಲೆಯಲ್ಲೇ ಕಳೆಯಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಶಾಲೆಗೆ ಬಂದಾಗ ದಾಖಲೆ ತೆಗೆಸುವ ಮುನ್ನ ಒಂದು ಪ್ರಶ್ನೆ ಕೇಳಲಿ: ಈ ತಿಂಗಳು ನೀವೂ ನಿಮ್ಮ ಶಾಲೆಯ ಶಿಕ್ಷಕರೂ ಏನು ಕಲಿತಿರಿ?

ಮೇ ಕೊನೆಯಲ್ಲಿ ಶಾಲೆಗಳು ಮತ್ತೆ ತೆರೆಯುತ್ತವೆ. ತಳಿರು ತೋರಣ ಕಟ್ಟಿ, ಸಿಹಿ ಹಂಚಿ, ಪ್ರಾರಂಭೋತ್ಸವ ನಡೆಯುತ್ತದೆ. ಅದರ ಮುಂಚಿನ ಎರಡು ದಿನ ಪ್ರತಿ ಕ್ಲಸ್ಟರ್‌ನ ಮುಖ್ಯ ಶಿಕ್ಷಕರು, ಪ್ರಭಾರದವರೂ ಸೇರಿ, ಒಂದೆಡೆ ಕೂರಲಿ. ಹೊಸ ಆದೇಶಗಳು, ಹೊಸ ತಂತ್ರಾಂಶಗಳು ಆ ಎರಡು ದಿನ ಕಾಯಲಿ. ಪ್ರತಿಯೊಬ್ಬರೂ ಕಳೆದ ವರ್ಷದ ಹತ್ತು ಮಕ್ಕಳ ಉತ್ತರ ಪತ್ರಿಕೆಗಳನ್ನು ಮಾತ್ರ ತರಲಿ. ಇಲಾಖೆ ಇದಕ್ಕೆ ಒಂದು ಸಣ್ಣ ಸುತ್ತೋಲೆ ಹೊರಡಿಸಿದರೆ ಸಾಕು.